ಹಳೆಯ ಆಟೋ ಲೆವೆಲ್ ಕೊಳ್ಳುವವರೇ, ಗೆರೆ ಸ್ವಲ್ಪವೂ ಅಲುಗಾಡದಿದ್ದರೆ ಹಣ ಕೊಡಬೇಡಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ತೋಟಕ್ಕೆ ಪೈಪು ಎಳೆಯುವವರು, ಮನೆಯ ಪಂಚಾಂಗಕ್ಕೆ ಲೆವೆಲ್ ಹಾಕುವವರು ಜಾಹೀರಾತು ನೋಡಿ ಸೆಕೆಂಡ್ ಹ್ಯಾಂಡ್ ಆಟೋ ಲೆವೆಲ್ (ದೂರದರ್ಶಕದಲ್ಲಿ ನೋಡಿ ನೆಲದ ಎತ್ತರ ತಗ್ಗು ಅಳೆಯುವ ಉಪಕರಣ) ತೆಗೆದುಕೊಳ್ಳುವ ಅಂದಾಜಿನಲ್ಲಿದ್ದರೆ ಮೊದಲು ಇದನ್ನು ಓದಿ. ಟ್ರೈಪಾಡ್ ಸಹಿತ 9,500 ರೂಪಾಯಿ ಕೊಟ್ಟು ನಾನು ತಂದದ್ದು ಒಳಗೆ ಅಂಟು ಹಾಕಿ ಕೂರಿಸಿದ ಲೆವೆಲ್. ಅಂಟು! ಅಳತೆಯ ಉಪಕರಣಕ್ಕೆ!

ಹೊಸಂಗಡಿಯಲ್ಲಿ ಹೆದ್ದಾರಿ ಬದಿ, ಸಂಜೆ ಹೊತ್ತು. ಮಾರುವವನೇ ಟ್ರೈಪಾಡ್ ನಿಲ್ಲಿಸಿದ, ಮಟ್ಟ ತೋರಿಸುವ ಗುಳ್ಳೆಯನ್ನು ವೃತ್ತದ ನಡುವೆ ತಂದ, ಎದುರಿನ ಅಂಗಡಿಯ ಬೋರ್ಡಿಗೆ ಫೋಕಸ್ ಮಾಡಿ ಕೊಟ್ಟ. ಅಕ್ಷರ ಸ್ಪಷ್ಟ, ಒಳಗೆ ಕಾಣುವ ಅಡ್ಡಗೆರೆ, ಅಂದರೆ ಕ್ರಾಸ್ ಹೇರ್, ಕಪ್ಪಗೆ, ಚೂಪಾಗಿ ಉಂಟು. "ನೋಡಿ ಸಾರ್, ಲಾರಿ ಹೋದ್ರೂ ಗೆರೆ ಅಲುಗಾಡುವುದಿಲ್ಲ. ಹೊಸ ಪೀಸಲ್ಲೂ ಇಷ್ಟು ಸ್ಟೆಡಿ ಸಿಗ್ಲಿಕ್ಕಿಲ್ಲ" ಅಂದ. ನಾನು ಹೌದೆಂದು ತಲೆಯಾಡಿಸಿದೆ. ನೆನಪಾದರೆ ಈಗಲೂ ಮೈ ಉರಿಯುತ್ತದೆ. ಲಾರಿ ಹೋಗುವಾಗ ಗೆರೆ ಅಲುಗಾಡಲೇಬೇಕು! ಆಟೋ ಲೆವೆಲಿನ ಒಳಗೆ ಸಣ್ಣ ತಂತಿಗಳಲ್ಲಿ ತೂಗುಹಾಕಿದ ಪ್ರಿಸಂ ಇರುತ್ತದೆ, ಅದೇ ಕಂಪೆನ್ಸೇಟರ್. ಉಪಕರಣ ಸ್ವಲ್ಪ ಓರೆಯಾದರೂ ಆ ಪ್ರಿಸಂ ತೂಗಿಕೊಂಡು ದೃಷ್ಟಿಗೆರೆಯನ್ನು ಮಟ್ಟಕ್ಕೆ ತರುತ್ತದೆ. ನೆಲ ನಡುಗಿದರೆ ಅದೂ ನಡುಗುತ್ತದೆ, ಕ್ಷಣದಲ್ಲಿ ನಿಲ್ಲುತ್ತದೆ. ನಡುಗಲೇ ಇಲ್ಲ ಎಂದರೆ ಅದು ತೂಗುತ್ತಿಲ್ಲ ಎಂದರ್ಥ. ಇದು ಗೊತ್ತಿದ್ದೂ ನಾನು ಅಲ್ಲಿ ತಲೆಯಾಡಿಸಿದೆ.

ಎರಡು ಗೂಟದ ಪರೀಕ್ಷೆ ಮಾಡುವ ಎಂದೆ. ಅದಕ್ಕೆ ಸ್ಟಾಫ್ ಎಂಬ ಅಳತೆಕೋಲು ಬೇಕು. "ಸ್ಟಾಫ್ ಗಾಡಿಯಲ್ಲಿ ಇಲ್ಲ ಸಾರ್, ಸರ್ಟಿಫಿಕೇಟ್ ಉಂಟಲ್ಲ" ಅಂದ. ಸುಮ್ಮನಾದೆ. ಕಂಪೆನ್ಸೇಟರ್ ನೋಡಲು ಸ್ಟಾಫ್ ಬೇಕೇ ಆಗಿರಲಿಲ್ಲ. 30–40 ಮೀಟರ್ ದೂರದ ಗೋಡೆಯಲ್ಲಿ ಒಂದು ಚೂಪಾದ ಗುರುತಿಗೆ ಅಡ್ಡಗೆರೆ ಹಿಡಿದು, ದೂರದರ್ಶಕದ ದಿಕ್ಕಿನಲ್ಲೇ ಇರುವ ಕಾಲುಸ್ಕ್ರೂವನ್ನು ಸ್ವಲ್ಪವೇ ತಿರುಗಿಸಿದರೆ ಸಾಕಿತ್ತು. ಗುಳ್ಳೆ ವೃತ್ತ ಬಿಟ್ಟು ಹೊರಗೆ ಹೋಗಬಾರದು, ಅಷ್ಟೇ. ಒಳ್ಳೆಯ ಉಪಕರಣದಲ್ಲಿ ಗೆರೆ ಒಮ್ಮೆ ಕದಲಿ ಪುನಃ ಅದೇ ಗುರುತಿಗೆ ಬಂದು ನಿಲ್ಲುತ್ತದೆ. ಕಂಪೆನ್ಸೇಟರ್ ಕಚ್ಚಿಕೊಂಡಿದ್ದರೆ ಹೋದ ಗೆರೆ ಹೋದಲ್ಲೇ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ನಾನು ತೆಗೆದುಕೊಳ್ಳಲಿಲ್ಲ.

ಸಿಕ್ಕಿಬಿದ್ದದ್ದು ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರಿನ ಪೈಪಿನಲ್ಲಿ. ಸುರಂಗದ ಬಾಯಿಯಿಂದ ಟ್ಯಾಂಕಿಗೆ 120 ಮೀಟರ್, ಸಿಗುವ ಇಳಿತ ಒಟ್ಟು 300 ಮಿ.ಮೀ. ಲೆವೆಲ್ ನೋಡಿ ಕಣಿ ತೆಗೆದು ಪೈಪು ಹಾಕಿದರೆ ನೀರೇ ಬರಲಿಲ್ಲ. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಹಿಡಿದು ನೋಡಿದಾಗ ನಡುವೆ 4 ಸೆ.ಮೀ. ಉಬ್ಬು, ಅಲ್ಲಿ ಗಾಳಿ ಹಿಡಿದಿತ್ತು. ಟ್ಯೂಬು ಸತ್ಯ ಹೇಳಿತು, ಲೆವೆಲ್ ಸುಳ್ಳು ಹೇಳಿತು.

ಮತ್ತೆ ಅಂಗಳದಲ್ಲಿ 40 ಮೀಟರ್ ಅಂತರಕ್ಕೆ ಎರಡು ಗೂಟ ಹೊಡೆದು, ಸರಿ ನಡುವೆ ಉಪಕರಣ ಇಟ್ಟು ಮೂರು ಸಲ ಹೊಸದಾಗಿ ಗುಳ್ಳೆ ಹೊಂದಿಸಿ ಓದಿದೆ. ಗೂಟಗಳ ಎತ್ತರದ ವ್ಯತ್ಯಾಸ ಒಮ್ಮೆ 0.115, ಒಮ್ಮೆ 0.094, ಒಮ್ಮೆ 0.131 ಮೀಟರ್. ಇದನ್ನು ಸರಿಯಾಗಿ ಗಮನಿಸಿ. ಕ್ರಾಸ್ ಹೇರ್ ಮಾತ್ರ ಮೇಲೆ ಕೆಳಗೆ ಆಗಿದ್ದರೆ, ನಡುವೆ ನಿಂತಾಗ ಎರಡೂ ಕಡೆ ಒಂದೇ ತಪ್ಪು ಬಂದು ಕಳೆದುಹೋಗುತ್ತದೆ, ಉತ್ತರ ಪ್ರತಿಸಲವೂ ಒಂದೇ. ಅಂಥದ್ದನ್ನು ಐಪೀಸಿನ (ಕಣ್ಣಿಟ್ಟು ನೋಡುವ ಗಾಜಿನ) ಹತ್ತಿರದ ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಕಂಪೆನ್ಸೇಟರ್ ಸತ್ತಿದ್ದರೆ ಹಾಗಲ್ಲ. ಉಪಕರಣದ ಓರೆ ಒಂದು ಕಡೆ ಗೆರೆಯನ್ನು ಎತ್ತಿದರೆ, 180 ಡಿಗ್ರಿ ತಿರುಗಿಸಿದಾಗ ಇನ್ನೊಂದು ಕಡೆ ತಗ್ಗಿಸುತ್ತದೆ. ತಪ್ಪು ಕಳೆಯುವ ಬದಲು ಇಮ್ಮಡಿ! ಗುಳ್ಳೆ ವೃತ್ತದೊಳಗೇ ಇದ್ದರೂ ಡಿಗ್ರಿಯ 60ರಲ್ಲಿ 3 ಪಾಲು ಓರೆ ಇರಬಹುದು. ಅಷ್ಟಕ್ಕೇ 30 ಮೀಟರಿನಲ್ಲಿ 26 ಮಿ.ಮೀ. ತಪ್ಪು. ಆತ ತೋರಿಸಿದ 5 ಮೀಟರ್ ದೂರದ ಬೋರ್ಡಿನಲ್ಲಿ 4 ಮಿ.ಮೀ. ಯಾರ ಕಣ್ಣಿಗೆ ಬೀಳುತ್ತದೆ?

ಫೋನ್ ಮಾಡಿದೆ. ಮೊದಲ ಉತ್ತರ: "ನಿಮ್ಮ ಟ್ರೈಪಾಡ್ ಲೂಸ್ ಇರಬೇಕು." ಟ್ರೈಪಾಡ್ ಕೊಟ್ಟವನೂ ಅವನೇ! ಆಮೇಲೆ: "ಬೈಕಲ್ಲಿ ಕೊಂಡುಹೋದ್ರಾ? ಹಾಗಾದ್ರೆ ಅಲುಗಾಡಿರ್ತದೆ." ಆಮೇಲೆ: "ಆಟೋ ಅಂದ್ರೆ ಆಟೋಮ್ಯಾಟಿಕ್ ಸಾರ್, ಅದು ಹಾಳಾಗುವಂಥದ್ದಲ್ಲ." ಓದಿದ ಅಂಕೆಗಳ ಫೋಟೋ ಕಳಿಸಿದೆ. "ಕೊಡುವಾಗ ನೀವೇ ನೋಡಿ ಓಕೆ ಅಂದದ್ದಲ್ವಾ." ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ರಿಪೇರಿಯವರು ಮುಚ್ಚಳ ತೆಗೆದಾಗ ಕಂಪೆನ್ಸೇಟರಿನ ಒಂದು ತಂತಿ ತುಂಡಾಗಿತ್ತು, ಪ್ರಿಸಂ ತೂಗಾಡದಂತೆ ಚೌಕಟ್ಟಿಗೆ ಇನ್‌ಸ್ಟಂಟ್ ಅಂಟು ಹಾಕಿ ಕೂರಿಸಿದ್ದರು. ಆ ಅಂಟಿನ ಆವಿ ಗಾಜಿಗೆ ಹತ್ತಿ ಬಿಳಿ ಮಸುಕು. ಆಬ್ಜೆಕ್ಟಿವ್ (ಮುಂದಿನ ಗಾಜು) ಕಡೆಯಿಂದ ಟಾರ್ಚ್ ಬಿಟ್ಟಿದ್ದರೆ ಅದು ಅಂದೇ ಕಾಣುತ್ತಿತ್ತು. ನಮ್ಮ ಊರಿನ ಮಳೆಗಾಲದಲ್ಲಿ ಗಾಜಿಗೆ ಹಿಡಿಯುವ ನೂಲಿನಂಥ ಬೂಷ್ಟೂ ಟಾರ್ಚಿಗೇ ಕಾಣುವುದು. ಕ್ರಾಸ್ ಹೇರ್ ಹೊಂದಿಸುವ ಸ್ಕ್ರೂವಿನ ತಲೆಯಲ್ಲೂ ಹೊಸ ಗೀರುಗಳಿದ್ದವು. ಎಂದರೆ ಯಾರೋ ಒಂದು ಸ್ಥಿತಿಗೆ ಗೆರೆ ಕೂರಿಸಿ ಮಾರಾಟಕ್ಕೆ ತಯಾರು ಮಾಡಿದ್ದಾರೆ. ಇದು ಗೊತ್ತಿಲ್ಲದೆ ಆದ ತಪ್ಪಲ್ಲ. ಗೊತ್ತಿದ್ದೇ ಮಾಡಿದ್ದು.

ಸರ್ಟಿಫಿಕೇಟಿನ ಸೀರಿಯಲ್ ನಂಬರನ್ನು ಉಪಕರಣದ ಮೈಮೇಲಿನ ನಂಬರಿಗೆ ಒಂದೊಂದೇ ಅಂಕೆ ಹಿಡಿದು ನೋಡಿ. ನನ್ನದರಲ್ಲಿ ಕೊನೆಯ ಎರಡು ಬೇರೆಯೇ ಇದ್ದವು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಗುರುತು ಇದ್ದರೆ ಯುಎಲ್‌ಆರ್ ನಂಬರೂ (ಪ್ರತಿ ವರದಿಗೆ ಬೇರೆ ಬೇರೆ ಇರುವ ನಂಬರು) ಇರಬೇಕು. ಹಗಲು ಹೊತ್ತಿನಲ್ಲೇ ಹೋಗಿ, ಸ್ಟಾಫ್ ನೀವೇ ಒಯ್ಯಿರಿ. ಮೊದಲು ಬಿಳಿ ಕಾಗದ ಎದುರು ಹಿಡಿದು ಐಪೀಸಿನಲ್ಲಿ ಗೆರೆ ಚೂಪು ಮಾಡಿಕೊಳ್ಳಿ, ಮತ್ತೆ ಫೋಕಸ್ ಮಾಡಿ ಕಣ್ಣನ್ನು ಮೇಲೆ ಕೆಳಗೆ ಆಡಿಸಿ. ಗೆರೆ ಸ್ಟಾಫಿನ ಮೇಲೆ ಜಾರಿದರೆ ಆ ಓದು ಲೆಕ್ಕಕ್ಕಿಲ್ಲ.

ಅದೇ ಮನುಷ್ಯನ ಜಾಹೀರಾತಿನಲ್ಲಿ ಈಗ ಏರ್ ಗನ್ನಿಗೆ ಹಾಕುವ ಹಳೆಯ ಸ್ಕೋಪ್ ಉಂಟು, "ಯಾವ ಗನ್ನಿಗೂ ಆಗ್ತದೆ" ಎಂದು ಬರೆದಿದ್ದಾನೆ. ಆಗುವುದಿಲ್ಲ. ಸ್ಪ್ರಿಂಗ್ ಏರ್ ಗನ್ ಮೊದಲು ಹಿಂದಕ್ಕೆ, ಕೂಡಲೇ ಮುಂದಕ್ಕೆ ಒದೆಯುತ್ತದೆ. ಅದಕ್ಕೆಂದೇ ಮಾಡದ ಸ್ಕೋಪಿನ ಕ್ರಾಸ್ ಹೇರ್ ಆ ಎರಡನೇ ಒದೆತಕ್ಕೆ ಕಿತ್ತುಬರುತ್ತದೆ. ಅದರ ಫೋಟೋದ ಕೆಳಗೂ ಅದೇ ಮಾತು ಹಾಕಿದ್ದಾನೆ: ಫುಲ್ ಸ್ಟೆಡಿ.