ಕಯೋಟಿಗೆ 17 ಎಚ್‌ಎಂಆರ್ ಸಾಕು ಅಂದರೆ ನಂಬಬೇಡಿ

ಟೆಕ್ಸಾಸ್‌ನಲ್ಲಿ ಊರಾಚೆ ಜಾಗ ತಗೊಂಡು ಆಡು, ಕೋಳಿ ಸಾಕಿಕೊಂಡಿರುವ ನಮ್ಮವರಿಗೆ ಇದನ್ನು ಬರೆಯುತ್ತಿದ್ದೇನೆ. ಕಯೋಟಿ (ತೋಳ, ನರಿಯ ಜಾತಿಯ ಇಲ್ಲಿನ ಕಾಡುಪ್ರಾಣಿ) ಕಾಟ ಅಂತ ರೈಫಲ್ ಕೊಳ್ಳಲು ಹೋದಾಗ ಯಾರಾದರೂ 17 ಎಚ್‌ಎಂಆರ್ ಅನ್ನೋ ಸಣ್ಣ ಗುಂಡಿನ ರೈಫಲ್ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ನನ್ನ ತಲೆಗೆ ಅದನ್ನೇ ಕಟ್ಟಿದರು.

ನಾನು ಕೊಡಗಿನವನು, ಮನೆಯಲ್ಲಿ ಕೋವಿ ನೋಡಿಯೇ ಬೆಳೆದವನು. ಆದರೆ ನಮ್ಮ ಮನೆಯ ಕೋವಿಯೇ ಬೇರೆ, ಇಲ್ಲಿನ ಗುಂಡಿನ ಅಳತೆಗಳ, ಅಂದರೆ ಕ್ಯಾಲಿಬರ್‌ಗಳ ಸಂತೆಯೇ ಬೇರೆ. ಅದಕ್ಕೇ ಬಿಡಿಸಿ ಕೇಳಿದೆ. "ಬೇಲಿಯಿಂದ ಹಳ್ಳಕ್ಕೆ 150 ಗಜ. ಕಯೋಟಿ ಅಲ್ಲೇ ಬೀಳಬೇಕು, ಗಾಯ ಮಾಡಿಕೊಂಡು ಓಡಬಾರದು. ಇದರಲ್ಲಿ ಆಗುತ್ತಾ?" ಅಂಗಡಿಯವನು ನಕ್ಕ. "ಆರಾಮಾಗಿ! 200 ಗಜಕ್ಕೂ ಬೀಳುತ್ತೆ. ಸದ್ದೂ ಕಡಿಮೆ, ಭುಜಕ್ಕೆ ಒದೆಯೋದೂ ಇಲ್ಲ." ಫಾರಂ ತುಂಬಿದೆ, ದುಡ್ಡು ಕೊಟ್ಟೆ, ಸ್ಕೋಪನ್ನೂ ಸೇರಿಸಿ ಮಾರಿದ.

ಬೆಳಗ್ಗೆ ಅಡ್ಡಲಾಗಿ ನಿಂತಿದ್ದ ಕಯೋಟಿಗೆ ಮುಂಗಾಲಿನ ಹಿಂದಕ್ಕೆ ಗುರಿ ಇಟ್ಟು ಹೊಡೆದೆ. ಆ 17 ಗ್ರೇನ್ ಗುಂಡು ಅಂದರೆ ಬರೀ ಒಂದು ಗ್ರಾಂ ಚಿಲ್ಲರೆ. ಗಾಳಿ ಅದನ್ನು ಎಲ್ಲಿಗೆ ಬೇಕಾದರೂ ತಳ್ಳುತ್ತೆ. ಭುಜಕ್ಕೆ ಬಿತ್ತು. ಪ್ರಾಣಿ ಕಿರುಚಿ, ಗಿರಗಿರ ಸುತ್ತಿ ತನ್ನ ಮೈಯನ್ನೇ ಕಚ್ಚಿಕೊಂಡು, ಪೊದೆಗೆ ನುಗ್ಗಿತು. ಎಷ್ಟು ಹುಡುಕಿದರೂ ಸಿಗಲಿಲ್ಲ.

ಆಮೇಲೆ ಪಕ್ಕದ ಜಮೀನಿನ ಮುದುಕ ಇದಕ್ಕಿಂತ ಬಲವಾದ ತನ್ನ .223 ರೈಫಲಿನಲ್ಲಿ ಅದನ್ನೇ ಕೆಡವಿ ನನ್ನನ್ನು ಕರೆದ. ಭುಜದ ಮೇಲೆ ಅಂಗೈ ಅಗಲ ಚರ್ಮ ಕಿತ್ತು ಕೀವು ತುಂಬಿತ್ತು. ನನ್ನ ಗುಂಡು ಮೂಳೆಗೆ ಬಡಿದು ಪುಡಿಪುಡಿಯಾಗಿದೆ. ಎದೆಗೂಡಿನ ಒಳಗೆ ಹೋಗಿಯೇ ಇಲ್ಲ! "ಇದು ಅಳಿಲಿಗೆ ಹೊಡೆಯೋ ರೈಫಲ್ ಕಣಪ್ಪ, ಯಾರು ಕೊಟ್ಟರು ನಿನಗೆ?" ಅಂತ ನಕ್ಕ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಂಗಡಿಗೆ ಹೋದೆ. ಮೊದಲ ಉತ್ತರ: "ನಿಮ್ಮ ಗುರಿ ತಪ್ಪಿದೆ." ಎರಡನೆಯದು: "ಇದರಲ್ಲಿ ತಲೆಗೇ ಹೊಡೀಬೇಕು ಅಂತ ಹೇಳಿದ್ದೆನಲ್ಲ." ಯಾವಾಗ ಹೇಳಿದ್ದ? ಹೇಳಿಯೇ ಇಲ್ಲ! ಒಂದು ಕ್ಷಣವೂ ನಿಲ್ಲದ ಆ ಪುಟ್ಟ ತಲೆಗೆ 150 ಗಜದಿಂದ ಹೊಡೀಬೇಕಂತೆ. ವಾಪಸ್ ತಗೊಳ್ಳಿ ಅಂದರೆ, ಬಾಗಿಲು ದಾಟಿದ ಮೇಲೆ ಅದು ಸೆಕೆಂಡ್ ಹ್ಯಾಂಡ್, ಬೇಕಿದ್ದರೆ ಅರ್ಧ ಬೆಲೆ ಕೊಡ್ತೀನಿ ಅಂದ.

ಇಷ್ಟಾದರೂ ಪರವಾಗಿರಲಿಲ್ಲ. ನಾನಿನ್ನೂ ಅಲ್ಲೇ ನಿಂತಿದ್ದೆ, ಇನ್ನೊಬ್ಬ ಗಿರಾಕಿ ಬಂದು ಕಯೋಟಿಗೆ ಯಾವುದು ಒಳ್ಳೇದು ಅಂತ ಕೇಳಿದ. ಇದೇ ಮನುಷ್ಯ, ಅದೇ ಬಾಯಲ್ಲಿ, "ಕಯೋಟಿಗಾ? .223ಗಿಂತ ಕೆಳಗೆ ಹೋಗಲೇಬೇಡಿ" ಅಂದ! ನನ್ನ ಎದುರಿಗೇ! ಏನ್ರೀ ಇದು ಅಂದರೆ, "ಅವರದು ಬಯಲು ಜಾಗ ಸರ್, ನಿಮ್ಮದು ಬೇರೆ" ಅಂತ ಹಲ್ಲು ಕಿರಿದ. ಕಯೋಟಿ ಬೇರೆಯಾ? ಅದರ ಮೂಳೆ ಬೇರೆಯಾ? ಹೋಗದೆ ಉಳಿದಿದ್ದ ಮಾಲನ್ನು ದಾಟಿಸೋಕೆ ಒಬ್ಬ ಬೇಕಿತ್ತು. ನಾನು ಸಿಕ್ಕಿದೆ, ಅಷ್ಟೇ.

ಲೆಕ್ಕ ಕೇಳಿ. 17 ಎಚ್‌ಎಂಆರ್‌ನ ಶಕ್ತಿ ನಳಿಗೆಯ ಬಾಯಲ್ಲೇ ಸುಮಾರು 250 ಅಡಿ-ಪೌಂಡ್. ದೂರ ಹೋದ ಹಾಗೆ ಇನ್ನೂ ಇಳಿಯುತ್ತೆ. .223ರ 55 ಗ್ರೇನ್ ಗುಂಡಿಗೆ 1,200ಕ್ಕೂ ಜಾಸ್ತಿ. ಸಾಧಾರಣ ದೂರಕ್ಕೆ ಅದು ಸಾಕು. ಗಾಳಿ ಜಾಸ್ತಿ ಇರೋ ಬಯಲಾದರೆ ಇನ್ನೂ ಬಲವಾದ 22-250 ಅಥವಾ .243 ರೈಫಲ್ ನೋಡಿ. ಅಡ್ಡ ನಿಂತಾಗ ಮುಂಗಾಲಿನ ಹಿಂದೆ ಹೊಡೆಯಿರಿ, ಹೃದಯ, ಶ್ವಾಸಕೋಶ ಇರೋದು ಅಲ್ಲೇ. ಎದುರಿಗೆ ನಿಂತರೆ ಎದೆಯ ನಡುವೆ. ಚಳಿಗಾಲದ ಕೂದಲು ನೋಡಿ ಮೋಸ ಹೋಗಬೇಡಿ, ಒಳಗಿನ ಮೈ ಸಣ್ಣದು. ಬೆನ್ನು ಹಾಕಿ ಓಡುತ್ತಿದ್ದರೆ ಬಿಟ್ಟುಬಿಡಿ.

ಕೊಳ್ಳುವ ಮುಂಚೆ ಇಬ್ಬರು ಹಳೇ ರೈತರನ್ನು ಕೇಳಿ, ಕೌಂಟರ್ ಹಿಂದೆ ನಿಂತವನನ್ನಲ್ಲ. ಆ ರೈಫಲ್ ಇನ್ನೂ ನನ್ನ ಹತ್ತಿರವೇ ಇದೆ. ಅರ್ಧ ಬೆಲೆಗೆ ಅವನಿಗಂತೂ ಕೊಡಲ್ಲ.