ಮಗಳೊಂದಿಗೆ ನೋಡಲು ‘ಮಾಲ್ಗುಡಿ ಡೇಸ್’ ಒಳ್ಳೆಯದೋ, ‘ಗೃಹಭಂಗ’ವೋ?

ತೀರ್ಥಹಳ್ಳಿಯ ಗೆಳತಿಯೊಬ್ಬರು, ಹದಿಹರೆಯದ ಮಗಳೊಂದಿಗೆ ಇವೆರಡರಲ್ಲಿ ಯಾವ ಧಾರಾವಾಹಿಯನ್ನು ನೋಡಲಿ ಎಂದು ಕೇಳಿದ್ದಾರೆ.

ಬಿಡುವು ಕಡಿಮೆಯಿದ್ದರೆ, ಶಂಕರ್ ನಾಗ್ ಅವರು ಬಹುಪಾಲು ಆಗುಂಬೆಯಲ್ಲೇ ಚಿತ್ರಿಸಿದ, 1986ರ ‘ಮಾಲ್ಗುಡಿ ಡೇಸ್’ ಅನುಕೂಲ; ಹೆಚ್ಚಿನ ಕಥೆಗಳು ಬೇಗ ಮುಗಿಯುತ್ತವೆ. ಆದರೆ ಅಲ್ಲಿ ಬೀದಿ, ಶಾಲೆ, ಆಟದ ಬಯಲು ಎಲ್ಲವೂ ಹುಡುಗ ಸ್ವಾಮಿಯವು. ಅಜ್ಜಿ, ಅಮ್ಮ ಎಷ್ಟೇ ಆಪ್ತರೆನಿಸಿದರೂ ಮನೆಯೊಳಗೇ ಉಳಿಯುತ್ತಾರೆ.

ಹೆಣ್ಣಿನ ಬದುಕೇ ಮುಖ್ಯವೆನ್ನುವವರು, ನಮ್ಮ ತೀರ್ಥಹಳ್ಳಿ ಸೀಮೆಯವರೇ ಆದ ಗಿರೀಶ ಕಾಸರವಳ್ಳಿಯವರು ಎಸ್.ಎಲ್. ಭೈರಪ್ಪನವರ ಕಾದಂಬರಿಯಿಂದ ರೂಪಿಸಿದ ‘ಗೃಹಭಂಗ’ವನ್ನು ಆರಿಸಲಿ. ಹೊಣೆಗೇಡಿ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವ ನಂಜಮ್ಮನಲ್ಲಿ, ಬರಿಯ ಸಹನೆಗಿಂತ ದುಡಿಮೆ ಎದ್ದು ಕಾಣುವುದು ನನಗೆ ತುಂಬ ಮೆಚ್ಚು. ಪ್ಲೇಗಿನ ಸಾವುಗಳು ಮಾತ್ರ ಕರುಳು ಹಿಂಡುತ್ತವೆ. ಮಗಳು ಬೇಗ ಕಣ್ಣೀರಾಗುವವಳಾದರೆ ಸ್ವಾಮಿಯಿಂದಲೇ ಆರಂಭಿಸಿ.