ಬೆಕ್ಕಿನ ಉಗುರಿಗೆ ಯಾವುದು ವಾಸಿ: ತೂತಿನ ಕಟರ್, ಸಣ್ಣ ಕತ್ತರಿ, ಉಜ್ಜುವ ಮಷೀನು?

ಮೊದಲೇ ಹೇಳಿಬಿಡುತ್ತೇನೆ. ಬೆಕ್ಕಿನ ಉಗುರು ಮನೆಯಲ್ಲೇ ಕತ್ತರಿಸಬೇಕು ಅಂತಿದ್ದರೆ ಸಣ್ಣ ಕತ್ತರಿ ತಗೊಳ್ಳಿ. ಬೆರಳು ತೂರಿಸಲು ಎರಡು ಹಿಡಿ, ಬ್ಲೇಡಿನಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು, ಅಷ್ಟೇ ಅದು. ನಾನು ಕೊಟ್ಟಿದ್ದು 180 ರೂಪಾಯಿ. ಅದಕ್ಕೂ ಮುಂಚೆ 360 ಕೊಟ್ಟು ತೂತಿನ ಕಟರ್ ತಂದು, ಬೆಕ್ಕಿಗೂ ನೋವು ಮಾಡಿ, ಒಂದು ಸೀರೆಯನ್ನೂ ಕಳೆದುಕೊಂಡೆವು.

ನಮ್ಮ ಬೆಕ್ಕು ಮಿಂಚುಗೆ ಈಗ ಮೂರು ವರ್ಷ. ಮನೆ ಇರುವುದು ಮೂರನೇ ಮಹಡಿಯಲ್ಲಿ, ಹಾಗಾಗಿ ಹೊರಗೆ ಹೋಗುವುದಿಲ್ಲ. ಬೀದಿ ಸುತ್ತುವ ಬೆಕ್ಕಾಗಿದ್ದರೆ ನಾನು ಅದರ ಉಗುರು ಮುಟ್ಟುತ್ತಲೇ ಇರಲಿಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಮರ ಹತ್ತಲು ಅದಕ್ಕೆ ಉಗುರು ಬೇಕೇ ಬೇಕು. ಆದರೆ ಇವಳು ಇಡೀ ದಿನ ನಮ್ಮ ಅತ್ತೆಯ ತೊಡೆ ಬಿಟ್ಟು ಇಳಿಯುವುದಿಲ್ಲ. ಅತ್ತೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಾರೆ. ಸಣ್ಣ ಗೀರು ಬಿದ್ದರೂ ರಕ್ತ ಬೇಗ ನಿಲ್ಲುವುದಿಲ್ಲ. "ಪಾಪ, ಅದಕ್ಕೇನು ಗೊತ್ತು" ಅಂತ ಸೆರಗಿನಲ್ಲಿ ಒರೆಸಿಕೊಂಡು ಸುಮ್ಮನಾಗುತ್ತಿದ್ದರು. ನನಗೆ ನೋಡಲಾಗಲಿಲ್ಲ.

ತೂತಿನ ಕಟರ್ ಅಂದರೆ ತುದಿಯಲ್ಲಿ ಸಣ್ಣ ಬಳೆಯಂಥ ತೂತು ಇರುವಂಥದ್ದು. ಉಗುರನ್ನು ಅದರೊಳಗೆ ತೂರಿಸಿ ಹಿಡಿ ಒತ್ತಿದರೆ ಬ್ಲೇಡು ಸರಿದು ಬಂದು ಕತ್ತರಿಸುತ್ತದೆ. ಅಂಗಡಿಯವರು ತೋರಿಸಿದಾಗ ತುಂಬಾ ಸುಲಭ ಅನಿಸಿತ್ತು. ನಾಯಿಗೆ ಸರಿ ಇರಬಹುದು, ಅದರ ಉಗುರು ಯಾವಾಗಲೂ ಹೊರಗೇ ಇರುತ್ತದೆ. ಬೆಕ್ಕಿನದು ಹಾಗಲ್ಲ ಅಲ್ವಾ? ಬೆರಳನ್ನು ಮೇಲಿಂದಲೂ ಕೆಳಗಿಂದಲೂ ಮೆಲ್ಲಗೆ ಅದುಮಿದರೆ ಉಗುರು ಹೊರಗೆ ಬರುತ್ತದೆ. ಕೈ ಸಡಿಲ ಮಾಡಿದರೆ ಒಳಗೆ ಹೋಗುತ್ತದೆ. ಒಂದು ಕೈ ಅದುಮಿ ಹಿಡಿದಿರಬೇಕು, ಇನ್ನೊಂದು ಕೈ ಆ ಕೊಕ್ಕೆಯಂಥ ಉಗುರನ್ನು ತೂತಿಗೆ ಹೊಂದಿಸಬೇಕು. ಓಡುವ ಬಸ್ಸಿನಲ್ಲಿ ಕೂತು ಸೂಜಿಗೆ ದಾರ ಪೋಣಿಸಿದ ಹಾಗೆ.

ಪೋಣಿಸಿದ ಮೇಲೂ ಕಷ್ಟ. ಉಗುರಿನ ಬುಡದಲ್ಲಿ ಗುಲಾಬಿ ಬಣ್ಣದ ಹಸಿ ಭಾಗ ಇರುತ್ತದೆ. ಅದರಲ್ಲಿ ರಕ್ತನಾಳ, ನರ ಎರಡೂ ಇವೆ, ಅಲ್ಲಿಗೆ ಬ್ಲೇಡು ತಾಗಲೇಬಾರದು. ತೂತಿನ ಕಟರಿನಲ್ಲಿ ನಾವು ನೋಡಬೇಕಾದ ಜಾಗವನ್ನೇ ಆ ಬಳೆ ಮುಚ್ಚಿಬಿಡುತ್ತದೆ. ಎಷ್ಟು ಒಳಗೆ ಹೋಗಿದೆ ಅಂತ ಅಂದಾಜಿನಲ್ಲೇ ಒತ್ತಬೇಕು.

ನಾಲ್ಕನೇ ಉಗುರಿಗೆ ಮಿಂಚು ಕಾಲು ಎಳೆದುಕೊಂಡಳು. ಉಗುರು ಇನ್ನೂ ಬಳೆಯೊಳಗೇ ಇತ್ತು, ಬೆರಳು ತಿರುಚಿತು. ಅವಳು ಕೂಗಿದ ಕೂಗು ನನಗೆ ಇವತ್ತಿಗೂ ನೆನಪಿದೆ. ಬ್ಲೇಡು ಅರ್ಧ ಒತ್ತಿತ್ತು, ಆದರೆ ಕತ್ತರಿಸಿರಲಿಲ್ಲ. ಉಗುರು ಜಜ್ಜಿಹೋಗಿತ್ತು. ಮಾರನೇ ದಿನ ನೋಡಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದು ನಿಂತಿತ್ತು. ಆ ಸೀಳಿದ ಉಗುರೇ ಅತ್ತೆಯ ಇಳಕಲ್ ಸೀರೆಗೆ ಸಿಕ್ಕಿಕೊಂಡು ಒಂದು ಗೇಣು ಎಳೆ ಕಿತ್ತುಬಂತು. ಕತ್ತರಿಸದೆ ಬಿಟ್ಟಿದ್ದರೂ ಅಷ್ಟು ಹಾಳಾಗುತ್ತಿರಲಿಲ್ಲ. ಎರಡು ವಾರ ಅವಳು ನನ್ನ ಕೈಗೆ ಪಂಜ ಕೊಡಲಿಲ್ಲ. ಕಟರ್ ಇಟ್ಟಿದ್ದ ಮೇಜಿನ ಡ್ರಾಯರ್ ಎಳೆದ ಸದ್ದಾದರೆ ಮಂಚದ ಕೆಳಗೆ ಓಡುತ್ತಿದ್ದಳು.

ಸಣ್ಣ ಕತ್ತರಿಯಲ್ಲಿ ಪೋಣಿಸುವ ಕೆಲಸವೇ ಇಲ್ಲ. ಪಕ್ಕದಿಂದ ತಂದು ಇಟ್ಟರೆ ಆಯಿತು. ಅವಳು ಕಾಲು ಎಳೆದುಕೊಂಡರೆ ಉಗುರು ಹಾಗೇ ಜಾರಿಕೊಂಡು ಹೋಗುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಇದೊಂದೇ ಸಾಕು. ಕಿಟಕಿಯ ಬೆಳಕಿಗೆ ಹಿಡಿದರೆ ಹಸಿ ಭಾಗ ಎಲ್ಲಿ ಮುಗಿಯುತ್ತದೆ ಅಂತಲೂ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಎರಡು ಮಿಲಿಮೀಟರ್ ಬಿಟ್ಟು ಚೂಪು ತುದಿಯನ್ನು ಮಾತ್ರ ತೆಗೆಯುತ್ತೇನೆ. ಬೆಕ್ಕಿನ ಉಗುರು ಎರಡೂ ಪಕ್ಕದಲ್ಲಿ ಚಪ್ಪಟೆ. ಅದಕ್ಕೇ ಒಂದು ಬ್ಲೇಡು ಉಗುರಿನ ಮೇಲೆ, ಇನ್ನೊಂದು ಕೆಳಗೆ ಬರುವ ಹಾಗೆ ಹಿಡಿಯಬೇಕು. ಎರಡೂ ಪಕ್ಕದಿಂದ ಅಮುಕಿದರೆ ಇದರಲ್ಲೂ ಸೀಳುತ್ತದೆ. ಸರಿಯಾಗಿ ಬಿದ್ದರೆ ಟಕ್ ಅಂತ ಒಂದು ಸಣ್ಣ ಸದ್ದು, ತುದಿ ಹಾರಿಹೋಗುತ್ತದೆ.

ನಾವು ನಮ್ಮ ಉಗುರಿಗೆ ಬಳಸುವ ನೇಲ್ ಕಟರ್ ಮರಿಗಳಿಗೆ ಸಾಕು. ದೊಡ್ಡ ಬೆಕ್ಕಿನ ಗಟ್ಟಿ ಉಗುರಿಗೆ ಬೇಡ.

ಉಗುರು ಉಜ್ಜುವ ಮಷೀನನ್ನು ಗೆಳತಿಯಿಂದ ತಂದು ನೋಡಿದೆ. ಅಂಚು ನುಣ್ಣಗಾಗುತ್ತದೆ, ನಿಜ. ಆದರೆ ಗುಂಯ್ ಅನ್ನುವ ಸದ್ದಿಗೇ ಮಿಂಚು ಕಿವಿ ಹಿಂದಕ್ಕೆ ಮಡಚಿದಳು. ಬೆರಳ ಸಂದಿನ ಕೂದಲು ತಿರುಗುವ ತುದಿಗೆ ಸುತ್ತಿಕೊಳ್ಳುವ ಭಯ ಬೇರೆ. ಒಂದೇ ಸಲಕ್ಕೆ ವಾಪಸ್ ಕೊಟ್ಟೆ.

ಕ್ಲಿನಿಕ್ಕಿಗೆ ಎರಡು ಸಲ ಹೋಗಿದ್ದೇವೆ. ಉಗುರಿಗೆ 250, ಹೋಗಿಬರುವ ಆಟೋಗೆ 160. ಕೆಲಸ ಐದು ನಿಮಿಷದಲ್ಲಿ ಅಚ್ಚುಕಟ್ಟಾಗಿ ಮುಗಿಯಿತು. ಆದರೆ ಬುಟ್ಟಿಯೊಳಗೆ ದಾರಿಯುದ್ದಕ್ಕೂ ಅತ್ತಳು, ಬಂದ ಮೇಲೆ ರಾತ್ರಿವರೆಗೂ ಊಟ ಮುಟ್ಟಲಿಲ್ಲ. ಎರಡು ಮೂರು ವಾರಕ್ಕೊಮ್ಮೆ ಮಾಡುವ ಕೆಲಸಕ್ಕೆ ನಮಗೆ ಅಷ್ಟು ದುಡ್ಡೂ ಹೊಂದುವುದಿಲ್ಲ, ಅವಳಿಗೆ ಅಷ್ಟು ಹೆದರಿಕೆಯೂ ಬೇಡ. ಉಗುರು ಬಾಗಿ ಪಂಜದ ಅಡಿಯ ಮೆತ್ತೆಗೆ ಚುಚ್ಚಿಕೊಂಡಿದ್ದರೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.

ಕತ್ತರಿಯಲ್ಲೂ ಒಂದು ಸಲ ಹಸಿ ಭಾಗಕ್ಕೆ ತಾಗಿಸಿದ್ದೇನೆ. ಸಂಜೆ ಟ್ಯೂಬ್‌ಲೈಟಿನಲ್ಲಿ ಮಾಡಲು ಹೋಗಿದ್ದು ತಪ್ಪಾಯಿತು. ಒಂದು ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದೆ, ಎರಡು ನಿಮಿಷಕ್ಕೆ ರಕ್ತ ನಿಂತಿತು. ಈಗ ಆ ಡಬ್ಬಿ ಪಕ್ಕದಲ್ಲಿ ಇಟ್ಟುಕೊಂಡೇ ಕೂರುತ್ತೇನೆ.

ಮುಂದಿನ ಕಾಲಿಗೆ ಐದೈದು, ಹಿಂದಿನ ಕಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಎಲ್ಲವನ್ನೂ ಒಂದೇ ದಿನ ಮಾಡಬೇಕು ಅಂತ ಹಟ ಬೇಡ. ಹಿಂದಿನ ಕಾಲಿನದು ನಾನು ಜಾಸ್ತಿ ಮುಟ್ಟುವುದೂ ಇಲ್ಲ. ಆದರೆ ಮುಂಗಾಲಿನ ಒಳಬದಿಯಲ್ಲಿ ಮೇಲೆ ಇರುವ ಹೆಬ್ಬೆರಳಿನ ಉಗುರನ್ನು ಮರೆಯಬೇಡಿ. ಅದು ನೆಲಕ್ಕೆ ತಾಗುವುದೇ ಇಲ್ಲ, ಸವೆಯುವುದಿಲ್ಲ, ಮೆತ್ತೆಗೆ ಚುಚ್ಚಿಕೊಳ್ಳುವುದು ಹೆಚ್ಚಾಗಿ ಅದೇ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಿಂಚು ಅತ್ತೆಯ ತೊಡೆಯ ಮೇಲೆ ನಿದ್ದೆಗೆ ಜಾರುತ್ತಾಳೆ. ಅತ್ತೆ ಅವಳ ಗಲ್ಲ ನೇವರಿಸುತ್ತಾರೆ, ನಾನು ಕೆಳಗೆ ಕೂತು ಒಂದೊಂದೇ ಬೆರಳು ಅದುಮುತ್ತೇನೆ. ನಾಲ್ಕೋ ಐದೋ ಉಗುರಾದ ಮೇಲೆ ಬಾಲ ಆಡಿಸಲು ಶುರು ಮಾಡುತ್ತಾಳೆ. ಅಲ್ಲಿಗೆ ಆ ದಿನಕ್ಕೆ ಕತ್ತರಿ ಒಳಗಿಡುತ್ತೇನೆ, ಉಳಿದದ್ದು ನಾಳೆಗೆ.